ಕಾಯಕವನ್ನರಸುವವನ ನುಡಿ

ಕಾಯಕವನ್ನು ಮಾಡುವವನು ಹೇಗೆ ನಡೆಯಬೇಕೆಂಬುದನ್ನು ಕುರಿತು ಶರಣರು ಬಹುವಾಗಿ ಹೇಳಿದ್ದಾರೆ. ಆದರೆ ಕಾಯಕವು ಇನ್ನೂ ಕೈಗೆ ಬಾರದೆ, ಅದನ್ನು ಅರಸುತ್ತ ಅಲೆಯುವ ಕಾಲದಲ್ಲಿ ಹೇಗೆ ನಡೆಯಬೇಕು, ಹೇಗೆ ನುಡಿಯಬೇಕು ಎಂಬ ಪ್ರಶ್ನೆಯು ಇಂದಿನ ಗೃಹಸ್ಥರ ಮನೆಮನೆಯಲ್ಲಿಯೂ ಎದ್ದು ನಿಂತಿದೆ. ಹಿಂದಿನ ಕಾಲದಲ್ಲಿ ನೇಕಾರನ ಮಗನಿಗೆ ಮಗ್ಗವು ಮನೆಯಲ್ಲಿಯೇ ಇರುತ್ತಿತ್ತು. ಅಂಬಿಗನ ಮಗನಿಗೆ ಹರಿಗೋಲು ಹೊಳೆಯ ದಡದಲ್ಲಿಯೇ ಕಾದಿರುತ್ತಿತ್ತು. ಇಂದು ಕಾಲೇಜಿನಿಂದ ಹೊರಬಂದ ತರುಣನ ಕಾಯಕವು ಪರರ ಕೈಯಲ್ಲಿದೆ. ಅವನು ಅರ್ಜಿಯನ್ನು ಬರೆಯಬೇಕು; ಕಂಡರಿಯದವರ ಮುಂದೆ ಕುಳಿತು ತಾನು ಯಾರೆಂಬುದನ್ನು ವಿವರಿಸಬೇಕು; ಗುರುತಿನವರನ್ನು ಕಂಡು ಎಲ್ಲಿ ಕೆಲಸವಿದೆಯೆಂದು ವಿಚಾರಿಸಬೇಕು. ಈ ಮೂರೂ ಮಾತಿನಿಂದಲೇ ಆಗತಕ್ಕ ಕೆಲಸಗಳು. ಆದುದರಿಂದ ಉದ್ಯೋಗವನ್ನರಸುವ ಕಾಲವು ಮನುಷ್ಯನ ವಾಕ್‌ಶುದ್ಧಿಯ ಪರೀಕ್ಷೆಯ ಕಾಲವೂ ಆಗಿರುತ್ತದೆ.

ಈ ಪರೀಕ್ಷೆಯಲ್ಲಿ ಎರಡು ಬಗೆಯ ಜನರು ಎಡವುತ್ತಾರೆ. ಸಂಕೋಚದಲ್ಲಿ ಬೆಳೆದ ಮಕ್ಕಳು ಒಂದು ಬಗೆಯವರು. ತನ್ನ ಯೋಗ್ಯತೆಯನ್ನು ತಾನೇ ಹೇಳಿಕೊಳ್ಳುವುದು ಆತ್ಮಸ್ತುತಿಯೆಂದೂ, ಗುರುತಿನವರ ಬಾಗಿಲಿಗೆ ಹೋಗಿ ನಿಲ್ಲುವುದು ಮಾನಗೇಡೆಂದೂ ಬಗೆದು, ಅವರು ಬಾಯಿ ಬಿಡದೆ ಮನೆಯಲ್ಲಿ ಕುಳಿತುಬಿಡುತ್ತಾರೆ. ಇನ್ನೊಂದು ಬಗೆಯವರು, ಲೋಕವೆಲ್ಲ ಹೀಗೆಯೇ ನಡೆಯುತ್ತದೆಯೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಮಾಡದ ಕೆಲಸವನ್ನು ಮಾಡಿದೆವೆಂದು ಬರೆಯುತ್ತಾರೆ; ಅಧಿಕಾರದಲ್ಲಿರುವವರ ಹೆಸರುಗಳನ್ನು ಬತ್ತಳಿಕೆಯ ಬಾಣಗಳಂತೆ ಹೊತ್ತು ತಿರುಗುತ್ತಾರೆ. ಮೊದಲಿನವರು ಮಾತಿಗೆ ಅಂಜುತ್ತಾರೆ. ಎರಡನೆಯವರು ಮಾತಿಗೆ ಯಾವ ಭಾರವೂ ಇಲ್ಲವೆಂದು ತಿಳಿಯುತ್ತಾರೆ. ಮಾತೆಂಬುದು ಸಾಕ್ಷಿ, ಕಂಡುದನ್ನು ಕಂಡಂತೆ ಹೇಳುವುದೇ ಅದರ ಧರ್ಮ, ಎಂಬುದನ್ನು ಇಬ್ಬರೂ ಮರೆತಿದ್ದಾರೆ.

ಕನ್ನಡದಲ್ಲಿ ವಚನವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು, ನುಡಿ, ಇನ್ನೊಂದು, ಕೊಟ್ಟ ಭಾಷೆ. ಉದ್ಯೋಗಾರ್ಥಿಯು ಬರೆಯುವ ಅರ್ಜಿಯಲ್ಲಿ ಈ ಎರಡು ಅರ್ಥಗಳೂ ಕೂಡಿಕೊಂಡಿವೆ. ‘ಇಷ್ಟನ್ನು ಮಾಡಿದ್ದೇನೆ’ ಎಂಬುದು ನುಡಿ. ‘ಇಷ್ಟನ್ನು ಮಾಡಬಲ್ಲೆ’ ಎಂಬುದು ಭಾಷೆ. ನುಡಿಯು ಸುಳ್ಳಾದರೆ ಭಾಷೆಯು ಉಳಿಯದು. ನುಡಿಗೂ ನಡೆಗೂ ಅಂತರವಿರಬಾರದೆಂದು ಬಸವಾದಿ ಪ್ರಮಥರು ಮತ್ತೆ ಮತ್ತೆ ಹೇಳಿದುದು ಪೂಜಾಗೃಹಕ್ಕೆ ಮಾತ್ರ ಸಂಬಂಧಿಸಿದ ಉಪದೇಶವಲ್ಲ; ಕಚೇರಿಯ ಮೇಜಿನ ಮೇಲೆ ಇರಿಸುವ ಕಾಗದಕ್ಕೂ ಅದು ಅನ್ವಯಿಸುತ್ತದೆ.

ಬಸವಣ್ಣನವರೇ ಒಂದು ಕಾಲಕ್ಕೆ ಉದ್ಯೋಗವನ್ನು ಪಡೆದವರೆಂಬುದನ್ನು ಭಕ್ತರು ನೆನೆಯುವುದು ಕಡಿಮೆ. ಆ ಪ್ರಸಂಗವನ್ನು ಕವಿಗಳು ಎರಡು ರೀತಿಯಾಗಿ ಹೇಳಿದ್ದಾರೆ. ಹರಿಹರನ ಬಸವರಾಜದೇವರ ರಗಳೆಯಂತೆ, ಅವರು ಕೂಡಲಸಂಗಮದಿಂದ ಮಂಗಳವಾಡಕ್ಕೆ ಹೋದರು. ಬಿಜ್ಜಳನ ಕರಣಿಕರು ಲೆಕ್ಕ ಮಾಡುತ್ತಿದ್ದಲ್ಲಿ ಕುಳಿತು, ಆ ಲೆಕ್ಕದಲ್ಲಿ ನುಸುಳಿದ ತಪ್ಪನ್ನು ತೋರಿಸಿಕೊಟ್ಟರು. ಅವರ ಜಾಣ್ಮೆಯನ್ನು ಕಂಡು ಸಿದ್ಧದಂಡಾಧಿಪನು ಅವರನ್ನು ಗಣಕರಲ್ಲಿ ಒಬ್ಬರನ್ನಾಗಿ ನಿಯಮಿಸಿದನು. ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣವನ್ನನುಸರಿಸಿ ಭೀಮಕವಿಯು ೧೩೬೯ರಲ್ಲಿ ರಚಿಸಿದ ಬಸವಪುರಾಣದ ಕಥೆ ಬೇರೆ. ಅಲ್ಲಿ ಬಿಜ್ಜಳನ ಮಂತ್ರಿಯಾದ ಬಲದೇವನು ಬಸವಣ್ಣನವರಿಗೆ ಸೋದರಮಾವ. ಮಗಳನ್ನು ಕೊಟ್ಟ ಮಾವನೂ ಅವನೇ. ಅವನ ಅನಂತರ ಆ ಪದವಿಯು ಬಸವಣ್ಣನವರಿಗೆ ಬಂದಿತು.

ಒಂದು ಕಥೆಯಲ್ಲಿ ಯೋಗ್ಯತೆಯು ದಾರಿ ಮಾಡಿಕೊಟ್ಟಿತು. ಇನ್ನೊಂದರಲ್ಲಿ ಸಂಬಂಧವು ಬಾಗಿಲನ್ನು ತೆರೆಯಿತು. ಇವೆರಡರಲ್ಲಿ ಯಾವುದು ಇತಿಹಾಸವೆಂದು ನಿರ್ಣಯಿಸುವುದು ವಿದ್ವಾಂಸರ ಕೆಲಸ. ಗೃಹಸ್ಥನಾದವನು ಗಮನಿಸಬೇಕಾದುದು ಬೇರೊಂದುಂಟು. ಮೊದಲ ಕಥೆಯಲ್ಲಿಯೂ ಬಸವಣ್ಣನವರು ತಮ್ಮ ವಿದ್ಯೆಯನ್ನು ಬಚ್ಚಿಟ್ಟುಕೊಂಡು ಊರಲ್ಲಿ ಕುಳಿತಿರಲಿಲ್ಲ; ಕೆಲಸ ನಡೆಯುವ ಸ್ಥಳಕ್ಕೆ ಹೋದರು, ಆಡತಕ್ಕ ಮಾತನ್ನು ಆಡತಕ್ಕ ಹೊತ್ತಿನಲ್ಲಿ ಆಡಿದರು. ಎರಡನೆಯ ಕಥೆಯಲ್ಲಿಯೂ ಸಂಬಂಧದಿಂದ ದೊರೆತ ಪದವಿಯು ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಭಂಡಾರದ ಹೊನ್ನನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾನೆಂದು ಅಸೂಯೆಯವರು ದೂರಿತ್ತಾಗ, ಲೆಕ್ಕವು ಒಂದಿಷ್ಟೂ ತಪ್ಪದೆ ಸರಿಹೋಯಿತೆಂದು ಪುರಾಣವು ಹೇಳುತ್ತದೆ. ಎರಡರಲ್ಲಿಯೂ ಕೊನೆಗೆ ನಿಂತುದು ಲೆಕ್ಕದ ಶುದ್ಧಿಯೇ. ಪರಿಚಯವು ಬಾಗಿಲವರೆಗೆ ಕರೆದೊಯ್ಯಬಹುದು. ಒಳಗೆ ನಿಲ್ಲಿಸುವುದು ಮಾಡಿದ ಕೆಲಸವೊಂದೇ.

ಇನ್ನು ಮೊದಲನೆಯ ಶಂಕೆಯನ್ನು ವಿಚಾರಿಸಬೇಕು. ತನ್ನ ಯೋಗ್ಯತೆಯನ್ನು ತಾನೇ ಹೇಳುವುದು ಆತ್ಮಸ್ತುತಿಯಲ್ಲವೆ? ಹೇಳುವ ರೀತಿಯನ್ನು ನೋಡಿ ಇದಕ್ಕೆ ಉತ್ತರ ಕೊಡಬೇಕು. ‘ತಾನು ಶ್ರಮಜೀವಿ, ಅತ್ಯಂತ ಪ್ರಾಮಾಣಿಕ, ನಾಯಕತ್ವದ ಗುಣವುಳ್ಳವನು’ ಎಂದು ಒಬ್ಬನು ಬರೆದರೆ ಅದು ಸ್ತುತಿಯೇ ಸರಿ. ಏಕೆಂದರೆ ಅಲ್ಲಿರುವುದು ವಿಶೇಷಣಗಳು ಮಾತ್ರ, ಅವುಗಳನ್ನು ತೂಗಿ ನೋಡಲು ಓದುವವನ ಬಳಿ ತಕ್ಕಡಿಯಿಲ್ಲ. ಇನ್ನೊಬ್ಬನು, ‘ಓದುವಾಗಲೇ ಎರಡು ವರ್ಷ ಊರ ಸಹಕಾರ ಸಂಘದ ಲೆಕ್ಕ ಬರೆದೆ, ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತಲಿಲ್ಲ, ಸಂಘದ ಕಾರ್ಯದರ್ಶಿಗಳನ್ನು ವಿಚಾರಿಸಬಹುದು’ ಎಂದು ಬರೆದರೆ ಅಲ್ಲಿ ಸ್ತುತಿಯ ಸೋಂಕಿಲ್ಲ. ಅದು ಮಾಡಿದ ಕೆಲಸ, ಮತ್ತೊಬ್ಬರು ಕಂಡ ಕೆಲಸ, ಮುಂದೆ ಮಾಡಬೇಕಾದ ಕೆಲಸಕ್ಕೆ ಸಂಬಂಧಪಟ್ಟ ಕೆಲಸ. ಈ ಮೂರು ಲಕ್ಷಣಗಳುಳ್ಳ ಮಾತನ್ನು ಎಷ್ಟು ಧೈರ್ಯವಾಗಿ ಹೇಳಿದರೂ ದೋಷವಿಲ್ಲ.

ಅಷ್ಟೇ ಅಲ್ಲ, ಅದನ್ನು ಹೇಳದಿರುವುದರಲ್ಲಿಯೇ ದೋಷವುಂಟು. ಕೆಲಸ ಕೊಡುವವನು ಅಂತರ್ಯಾಮಿಯಲ್ಲ. ಅವನ ಮುಂದೆ ನೂರಾರು ಅರ್ಜಿಗಳಿರುತ್ತವೆ. ಯಾರು ಏನು ಬಲ್ಲರೆಂಬುದು ಅವರು ಹೇಳಿದರಲ್ಲದೆ ಅವನಿಗೆ ತಿಳಿಯದು. ಬಲ್ಲುದನ್ನು ಬಲ್ಲೆನೆಂದು ಹೇಳದವನು ಅವನಿಗೆ ಸತ್ಯವನ್ನು ಮರೆಮಾಡಿದಂತಾಯಿತು. ವಿನಯವೆಂದು ತೋರುವ ಈ ಮೌನದ ಬುಡದಲ್ಲಿ ಅನೇಕ ವೇಳೆ ತಿರಸ್ಕೃತನಾಗುವ ಭಯವಿರುತ್ತದೆ; ಕೆಲವು ವೇಳೆ, ತನ್ನನ್ನು ಲೋಕವೇ ಬಂದು ಗುರುತಿಸಲಿ ಎಂಬ ಗುಪ್ತವಾದ ಅಹಂಕಾರವೂ ಇರುತ್ತದೆ. ಎರಡೂ ವಿನಯವಲ್ಲ.

ಆದರೆ ಹೇಳುವುದು ಎಲ್ಲಿಗೆ ನಿಲ್ಲಬೇಕು? ಆಯ್ದಕ್ಕಿ ಮಾರಯ್ಯನ ಕಥೆಯನ್ನು ಬಲ್ಲವರಿಗೆ ಈ ಎಲ್ಲೆಯು ತಿಳಿದಿದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಇರಿಸಿ ಬರುವಂತೆ ಲಕ್ಕಮ್ಮನು ಹೇಳಿದಳು. ಅಕ್ಕಿಯು ಕದ್ದುದಾಗಿರಲಿಲ್ಲ, ತಮ್ಮ ಪಾಲಿಗಿಂತ ಹೆಚ್ಚಿನದಾಗಿತ್ತು, ಅಷ್ಟೆ. ಅರ್ಜಿಯಲ್ಲಿಯೂ ಇಂಥ ಹೆಚ್ಚುವರಿ ಅಕ್ಕಿ ಸೇರಿಕೊಳ್ಳುತ್ತದೆ. ಐದು ಜನ ಸೇರಿ ಮಾಡಿದ ಕೆಲಸವು ಒಬ್ಬನದಾಗುತ್ತದೆ. ಹತ್ತು ತಿಂಗಳು ಒಂದು ವರ್ಷವಾಗುತ್ತದೆ. ಒಮ್ಮೆ ಕಿವಿಯಿಂದ ಕೇಳಿದ ವಿಷಯವು ಕರಗತವಾದ ವಿದ್ಯೆಯಾಗುತ್ತದೆ. ಇವು ದೊಡ್ಡ ಸುಳ್ಳುಗಳೆಂದು ಯಾರಿಗೂ ತೋರುವುದಿಲ್ಲ. ಆದುದರಿಂದಲೇ ಇವುಗಳ ವಿಷಯದಲ್ಲಿ ಲಕ್ಕಮ್ಮನ ಕಣ್ಣು ಬೇಕು. ಅರ್ಜಿಯನ್ನು ಕಳುಹಿಸುವ ಮೊದಲು, ತನ್ನೊಡನೆ ದುಡಿದವರು ಇದನ್ನು ಓದಿದರೆ ತಲೆದೂಗುವರೋ ನಗುವರೋ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಹೆಚ್ಚಿನ ಅಕ್ಕಿಯು ತಾನಾಗಿ ಬೇರೆಯಾಗುತ್ತದೆ.

ಇಂದಿನ ಕಾಲದಲ್ಲಿ ಇದಕ್ಕೆ ಹೊಸದೊಂದು ಆಮಿಷವು ಕೂಡಿಕೊಂಡಿದೆ. ದೊಡ್ಡ ಕಂಪನಿಗಳು ಅನೇಕ ಕಡೆ ಅರ್ಜಿಗಳನ್ನು ಮೊದಲು ಕಂಪ್ಯೂಟರಿನಿಂದ ಸೋಸಿ ನೋಡುತ್ತವೆ. ಜಾಹೀರಾತಿನಲ್ಲಿರುವ ಪದಗಳು ಅರ್ಜಿಯಲ್ಲಿವೆಯೆ ಎಂದು ಆ ಯಂತ್ರವು ಹುಡುಕುವುದುಂಟು. ಇದನ್ನರಿತ ತರುಣರು, ತಮಗೆ ಅರ್ಥವಾಗದ ಪದಗಳನ್ನೂ ತಮ್ಮ ವಿವರದಲ್ಲಿ ತುಂಬುತ್ತಾರೆ. ಕೃತಕ ಬುದ್ಧಿಮತ್ತೆಯ ಯಂತ್ರಗಳಿಂದ ಪತ್ರವನ್ನು ಬರೆಸಿ ಒಂದನ್ನೇ ನೂರು ಕಡೆ ಕಳುಹಿಸುತ್ತಾರೆ. ತಾನು ಬಲ್ಲ ಕೆಲಸಕ್ಕೆ ಜಾಹೀರಾತಿನವರು ಯಾವ ಹೆಸರನ್ನು ಬಳಸುವರೋ ಅದನ್ನೇ ಬಳಸುವುದು ತಪ್ಪಲ್ಲ. ಅದು ಕೇಳುವವನ ಭಾಷೆಯಲ್ಲಿ ಮಾತನಾಡಿದಂತೆ. ಭಾಷೆಯ ತಪ್ಪನ್ನು ತಿದ್ದಲು ಯಂತ್ರದ ನೆರವನ್ನು ಪಡೆಯುವುದೂ, ಬಲ್ಲವರಿಂದ ತಿದ್ದಿಸಿಕೊಳ್ಳುವುದೂ ಸಮಾನ. ಆದರೆ ತಾನು ಓದಿ ಅರ್ಥಮಾಡಿಕೊಳ್ಳಲಾರದ ವಾಕ್ಯಕ್ಕೆ ತನ್ನ ಹೆಸರನ್ನು ಹಾಕುವುದು, ಓದದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಂತೆಯೇ ಸರಿ. ಕೇಳಿದ ಕೆಲಸವಾವುದು, ಅದಕ್ಕೆ ತಕ್ಕುದಾಗಿ ತಾನು ಮಾಡಿದುದೇನು, ಯಾವಾಗ ಬಂದು ಕಾಣಬಹುದು ಎಂಬ ಮೂರು ಸಂಗತಿಗಳನ್ನು ಒಂದು ಪುಟಕ್ಕೆ ಮೀರದಂತೆ ಬರೆದ ಪತ್ರವು, ಎರವಲು ಮಾತುಗಳ ನಾಲ್ಕು ಪುಟಗಳಿಗಿಂತ ಮೇಲು.

ಪತ್ರದ ಅನಂತರ ಸಂದರ್ಶನ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಭಕ್ತರು ಬಲ್ಲರು. ಆ ಮಹಾತಾಯಿಗೆ ಅಲ್ಲಿ ಯಾರ ಶಿಫಾರಸೂ ಇರಲಿಲ್ಲ. ಅಲ್ಲಮಪ್ರಭುಗಳು ಸಭೆಯ ಮುಂದೆ ಕಠಿಣವಾದ ಪ್ರಶ್ನೆಗಳನ್ನು ಒಡ್ಡಿದರು, ಆಕೆಯು ಕೆರಳಲಿಲ್ಲ, ಕುಗ್ಗಲಿಲ್ಲ, ಇದ್ದುದನ್ನು ಇದ್ದಂತೆ ಹೇಳಿದಳು, ಸಭೆಯು ತಲೆಬಾಗಿತು. ಅದು ಮೋಕ್ಷಮಾರ್ಗದ ಸಂವಾದ. ಸಂಬಳದ ಕೆಲಸಕ್ಕೆ ನಡೆಯುವ ಪ್ರಶ್ನೋತ್ತರವನ್ನು ಅದರೊಡನೆ ಸರಿದೂಗಿಸಲಾಗದು. ಆದರೂ ಪ್ರಶ್ನೆಯ ಮುಂದೆ ಹೇಗೆ ಕುಳಿತುಕೊಳ್ಳಬೇಕೆಂಬ ಪಾಠವನ್ನು ಅಲ್ಲಿಂದ ಕಲಿಯಬಹುದು. ಪ್ರಶ್ನಿಸುವವನು ಶತ್ರುವಲ್ಲ, ತಿಳಿಯಬಯಸುವವನು. ತಿಳಿಯದ ವಿಷಯವನ್ನು ಕೇಳಿದಾಗ, ‘ಇದು ತಿಳಿಯದು, ಕಲಿಯಲು ಸಿದ್ಧ’ ಎಂದು ಹೇಳುವ ಎರಡು ಮಾತುಗಳಲ್ಲಿ ಇರುವ ಗಾಂಭೀರ್ಯವು, ತಡವರಿಸುತ್ತ ಹೆಣೆದ ಉತ್ತರದಲ್ಲಿ ಇರುವುದಿಲ್ಲ. ಹಿಂದಿನ ಧಣಿಯನ್ನು ನಿಂದಿಸಿ ಮುಂದಿನ ಧಣಿಯ ಮೆಚ್ಚುಗೆಯನ್ನು ಗಳಿಸಲೆಳಸುವವನು, ನಾಳೆ ಈ ಧಣಿಯನ್ನೂ ಹೀಗೆಯೇ ನಿಂದಿಸುವನೆಂದು ಕೇಳುವವನು ಊಹಿಸದಿರನು. ಸಂಬಳದ ಮಾತು ಬಂದಾಗ ತನಗೆ ಬೇಕಾದುದನ್ನು ನೇರವಾಗಿ ಹೇಳುವುದು ಲೋಭವಲ್ಲ. ಇಲ್ಲದ ಇನ್ನೊಂದು ಕೆಲಸವನ್ನು ತೋರಿಸಿ ಬೆಲೆಯನ್ನು ಏರಿಸುವುದು ಮಾತ್ರ ವಂಚನೆ.

ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಕಚೇರಿಗಳಿಗೆ ಹೋಗುವ ಮಕ್ಕಳಿಗೆ ಇನ್ನೊಂದು ಅಳುಕು ಇದೆ. ಇಂಗ್ಲಿಷಿನಲ್ಲಿ ಓಟದಂತೆ ಮಾತನಾಡುವವರ ಪಕ್ಕದಲ್ಲಿ ಕುಳಿತಾಗ, ಬಲ್ಲ ವಿಷಯವೂ ಗಂಟಲಲ್ಲಿಯೇ ನಿಂತುಬಿಡುತ್ತದೆ. ಆ ಭಾಷೆಯನ್ನು ಕಲಿಯಬೇಕಾದುದು ನಿಜ. ಹಲವು ಉದ್ಯೋಗಗಳಲ್ಲಿ ಅದು ಉಪಕರಣ. ಆದರೆ ಓಟವು ಬೇರೆ, ಸ್ಪಷ್ಟತೆಯು ಬೇರೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ತಾನು ಮಾಡಿದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದನ್ನು ಮನೆಯಲ್ಲಿ ಗಟ್ಟಿಯಾಗಿ ಹತ್ತು ಸಲ ಅಭ್ಯಾಸ ಮಾಡಿದವನಿಗೆ ನಾಲಗೆಯು ತೊಡರುವುದು ಕಡಿಮೆಯಾಗುತ್ತದೆ. ಶರಣರು ಪಂಡಿತರ ಭಾಷೆಯನ್ನು ಬಿಟ್ಟು ಜನರ ಮಾತಿನಲ್ಲಿ ಅನುಭಾವವನ್ನು ಹೇಳಿದಾಗ ಅದರ ತೂಕವು ಕಡಿಮೆಯಾಗಲಿಲ್ಲವೆಂಬುದನ್ನು ನೆನೆದರೆ, ಸರಳವಾದ ಮಾತಿಗೆ ನಾಚುವ ಕಾರಣವಿಲ್ಲ.

ಈಗ ಎರಡನೆಯ ಶಂಕೆ. ಇದು ಮೊದಲಿನದಕ್ಕಿಂತ ಕಠಿಣವಾದುದು. ಗುರುತಿನವರನ್ನು ಕಾಣುವುದು ವಶೀಲಿಯಲ್ಲವೆ? ಇದನ್ನು ವಿಚಾರಿಸುವ ಮೊದಲು, ಪರಿಚಯವು ಉದ್ಯೋಗಕ್ಕೆ ಹೇಗೆ ಸಹಾಯಕವಾಗುತ್ತದೆಂಬುದನ್ನು ತಿಳಿಯಬೇಕು. ಅಮೆರಿಕೆಯ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ ಎಂಬವರು ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸ ಪಡೆದವರನ್ನು ವಿಚಾರಿಸಿ, ೧೯೭೩ರಲ್ಲಿ ಒಂದು ಲೇಖನವನ್ನೂ ೧೯೭೪ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚಿನವರು ಪರಿಚಿತರ ಮೂಲಕವೇ ಕೆಲಸದ ಸುದ್ದಿಯನ್ನು ಪಡೆದಿದ್ದರು. ಆದರೆ ಆ ಪರಿಚಿತರಲ್ಲಿ ನಿತ್ಯವೆಂಬಂತೆ ಕಾಣುತ್ತಿದ್ದವರು ನೂರಕ್ಕೆ ಸುಮಾರು ೧೭; ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಸುಮಾರು ೫೬; ವರ್ಷಕ್ಕೊಮ್ಮೆಯೋ ಅದಕ್ಕಿಂತ ಅಪರೂಪವಾಗಿಯೋ ಕಾಣುತ್ತಿದ್ದವರು ಸುಮಾರು ೨೮. ಇದರ ಕಾರಣವು ಸರಳ. ಮನೆಯವರೂ ಆಪ್ತಮಿತ್ರರೂ ತಾವೆಲ್ಲ ತಿಳಿದುದನ್ನೇ ತಿಳಿದಿರುತ್ತಾರೆ. ದೂರದ ಪರಿಚಿತನು ಬೇರೊಂದು ಲೋಕದಲ್ಲಿ ಸಂಚರಿಸುವುದರಿಂದ ಹೊಸ ಸುದ್ದಿಯನ್ನು ತರಬಲ್ಲನು. ಲಿಂಕ್ಡ್‌ಇನ್ ಎಂಬ ಉದ್ಯೋಗಸಂಪರ್ಕದ ಜಾಲದಲ್ಲಿ ಎರಡು ಕೋಟಿ ಜನರನ್ನು ಒಳಗೊಂಡ ಪರೀಕ್ಷೆಗಳನ್ನು ಆಧರಿಸಿ ೨೦೨೨ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ, ತೀರ ಆಪ್ತರಿಗಿಂತ ಸಡಿಲವಾದ ಪರಿಚಯವೇ ಹೊಸ ಕೆಲಸಕ್ಕೆ ಹೆಚ್ಚು ನೆರವಾಗುವುದೆಂದು ತೋರಿಸಿತು.

ಈ ಸಂಗತಿಯಲ್ಲಿ ಒಂದು ನೀತಿಯೂ ಅಡಗಿದೆ. ವರ್ಷಕ್ಕೊಮ್ಮೆ ಕಾಣುವವನು ಯಾರ ಮುಲಾಜಿಗೂ ಒಳಗಾಗಿ ಕೆಲಸ ಕೊಡಿಸುವವನಲ್ಲ. ಅವನು ಕೊಟ್ಟುದು ಸುದ್ದಿಯನ್ನು. ಪರಿಚಯದ ನಿಜವಾದ ಫಲವು ಸುದ್ದಿ ಮತ್ತು ಸಾಕ್ಷಿ, ಇವೆರಡೇ. ಎಲ್ಲಿ ಕೆಲಸವಿದೆ, ಆ ಕೆಲಸದ ಸ್ವರೂಪವೇನು, ಅದಕ್ಕೆ ಏನನ್ನು ಕಲಿತಿರಬೇಕು ಎಂದು ಕೇಳುವುದು ಸುದ್ದಿಯನ್ನು ಕೇಳುವುದು. ತನ್ನ ಕೆಲಸವನ್ನು ಕಣ್ಣಾರೆ ಕಂಡವರನ್ನು, ‘ಕಂಡಷ್ಟನ್ನು ಹೇಳಿರಿ’ ಎಂದು ಪ್ರಾರ್ಥಿಸುವುದು ಸಾಕ್ಷಿಯನ್ನು ಕೇಳುವುದು. ಇವುಗಳಲ್ಲಿ ಮಾನಗೇಡೇನೂ ಇಲ್ಲ. ದಾರಿಹೋಕನು ಊರಿನ ದಾರಿಯನ್ನು ಕೇಳಿದರೆ ಭಿಕ್ಷೆ ಬೇಡಿದಂತಾಗುವುದಿಲ್ಲ. ಆದರೆ, ‘ಯಾರಿದ್ದರೂ ಸರಿ, ಅವರನ್ನು ಬಿಟ್ಟು ನನ್ನನ್ನು ತೆಗೆದುಕೊಳ್ಳುವಂತೆ ಹೇಳಿರಿ’ ಎಂದು ಕೇಳುವಾಗ ಸುದ್ದಿಯೂ ಹೋಯಿತು, ಸಾಕ್ಷಿಯೂ ಹೋಯಿತು. ಉಳಿದುದು ಬೇರೊಬ್ಬನ ಪಾಲಿನ ಅನ್ನ.

ಒಂದು ಮನೆಯ ಮಾತನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಗೃಹಸ್ಥನು ದೊಡ್ಡ ಕಾರಖಾನೆಯೊಂದರಲ್ಲಿ ಅಧಿಕಾರಿ. ಅಕ್ಕನ ಮಗನು ಬಂದು, “ಮಾವಾ, ನಿಮ್ಮಲ್ಲಿ ಜಾಗ ಖಾಲಿ ಇದೆಯಂತೆ. ನೀವು ಒಂದು ಮಾತು ಹೇಳಿದರೆ ಆಗುತ್ತದೆ ಎಂದು ಅವ್ವ ಅಂದಳು” ಎನ್ನುತ್ತಾನೆ. ಮಾವನು ಕೆಲಹೊತ್ತು ಸುಮ್ಮನಿದ್ದು ಕೇಳುತ್ತಾನೆ: “ತಮ್ಮಾ, ನೀನು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಏನೆಂದು ಹೇಳಲಿ?” ಹುಡುಗನು, “ನಿಮ್ಮ ಅಳಿಯ ಅಂತ ಹೇಳಿದರೆ ಸಾಕಲ್ಲವೇ ಮಾವಾ?” ಎನ್ನುತ್ತಾನೆ. “ಅದು ನಿನ್ನ ಗುಣವಲ್ಲಪ್ಪಾ, ನನ್ನ ಕುರ್ಚಿಯ ಗುಣ. ಆ ಕೆಲಸಕ್ಕೆ ಏನು ಬೇಕು ಎಂಬುದನ್ನು ಈಗಲೇ ಹೇಳುತ್ತೇನೆ, ಬರೆದುಕೋ. ನೀನು ತರಬೇತಿ ಪಡೆದ ಕಡೆ ಗುರುಗಳಿದ್ದಾರಲ್ಲ, ನಿನ್ನ ಕೈಕೆಲಸ ಕಂಡವರು ಅವರು. ಅವರಿಂದ ಕಾಗದ ತಾ. ಆಯ್ಕೆಯವರಿಗೆ ನೀನು ನನ್ನ ಅಳಿಯನೆಂಬುದನ್ನು ನಾನೇ ಮೊದಲು ತಿಳಿಸಿ, ಆ ಸಭೆಯಲ್ಲಿ ಕೂರುವುದಿಲ್ಲ.” ಹುಡುಗನ ಮುಖವು ಬಾಡುವುದು ಸಹಜ. ಅಕ್ಕನು ಕೆಲವು ತಿಂಗಳು ಮಾತು ಬಿಟ್ಟರೂ ಬಿಡಬಹುದು. ಧರ್ಮಕ್ಕೆ ಬೆಲೆ ತೆರಬೇಕಾಗುವುದು ಇಂಥ ಅಡುಗೆಮನೆಯ ಮೌನಗಳಲ್ಲಿಯೇ. ಆದರೆ ಆ ಮಾವನು ನಿರಾಕರಿಸಿದುದೇನು, ಕೊಟ್ಟುದೇನು ಎಂಬುದನ್ನು ನೋಡಬೇಕು. ಸುದ್ದಿಯನ್ನು ಕೊಟ್ಟನು, ನಿಜವಾದ ಸಾಕ್ಷಿಯು ಎಲ್ಲಿದೆಯೆಂದು ತೋರಿಸಿದನು, ತಾನು ಕಾಣದುದಕ್ಕೆ ಸಾಕ್ಷಿಯಾಗಲೊಲ್ಲೆನೆಂದನು. ಇದಕ್ಕಿಂತ ಹೆಚ್ಚಿನ ಉಪಕಾರವನ್ನು ಬಂಧುವಾದವನು ಮಾಡಲಾರನು.

ಸರ್ಕಾರಿ ಉದ್ಯೋಗಗಳಲ್ಲಿ ಈ ನಿಯಮವು ಬರಿಯ ನೀತಿಯಾಗಿ ಉಳಿಯದೆ ಶಾಸನದ ಬಲವನ್ನು ಪಡೆದಿದೆ. ಸಂವಿಧಾನದ ೧೬ನೆಯ ಅನುಚ್ಛೇದವು ಸಾರ್ವಜನಿಕ ಉದ್ಯೋಗದಲ್ಲಿ ಎಲ್ಲ ಪ್ರಜೆಗಳಿಗೂ ಸಮಾನ ಅವಕಾಶವನ್ನು ವಿಧಿಸಿದೆ. ಒತ್ತಡ ತರಿಸುವ ಅಭ್ಯರ್ಥಿಯು ಅನರ್ಹನಾಗುವನೆಂದು ನೇಮಕಾತಿಯ ಪ್ರಕಟಣೆಗಳಲ್ಲಿ ಅನೇಕ ವೇಳೆ ಅಚ್ಚಾಗಿರುತ್ತದೆ. ಕೇಂದ್ರ ಸರ್ಕಾರವು ೨೦೧೬ರ ಜನವರಿ ೧ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ರದ್ದುಮಾಡಿತು. ಸಂದರ್ಶನದ ಕೋಣೆಯಲ್ಲಿ ಬಾಯಿಮಾತಿನ ವಶೀಲಿಯು ನುಸುಳುವುದೆಂಬ ಶಂಕೆಯು ಅದಕ್ಕೆ ಒಂದು ಕಾರಣವಾಗಿತ್ತು. ಒಳ್ಳೆಯ ಮಾತು ಆಡಬೇಕಾದ ಸ್ಥಳವನ್ನು ಕೆಟ್ಟ ಮಾತು ಕೆಡಿಸಿದರೆ, ಕೊನೆಗೆ ಆ ಸ್ಥಳವೇ ಮುಚ್ಚಿಹೋಗುತ್ತದೆಂಬುದಕ್ಕೆ ಇದು ದೃಷ್ಟಾಂತ.

ಇಲ್ಲಿ ಭಕ್ತಸಮಾಜವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಮಗನನ್ನು ಕರೆದುಕೊಂಡು ಮಠಕ್ಕೆ ಬಂದು, ‘ನಮ್ಮವರೇ ಅಲ್ಲಿ ದೊಡ್ಡ ಸ್ಥಾನದಲ್ಲಿದ್ದಾರೆ, ಅಪ್ಪಣೆಯಾದರೆ ಒಂದು ಪತ್ರ’ ಎಂದು ಕೈಜೋಡಿಸುವ ತಂದೆಯ ಸಂಕಟವು ಸುಳ್ಳಲ್ಲ. ಹೊಲವನ್ನು ಒತ್ತೆಯಿಟ್ಟು ಓದಿಸಿದವನ ಸಂಕಟವದು. ಅದನ್ನು ಹಗುರವಾಗಿ ಕಾಣಲಾಗದು. ಆದರೆ ‘ನಮ್ಮವರು’ ಎಂಬ ಶಬ್ದವನ್ನು ಶರಣರು ಬೆಳೆಸಿದುದು ಹೊರಗಿದ್ದವರನ್ನು ಒಳಗೆ ಕರೆಯುವುದಕ್ಕಾಗಿ. ಒಳಗಿದ್ದವರಿಗಾಗಿ ಬಾಗಿಲನ್ನು ಮುಚ್ಚುವುದಕ್ಕಾಗಿ ಅಲ್ಲ. ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಿರಿಯರು ಕಿರಿಯರಿಗೆ ದಾರಿ ತೋರಿಸುವುದು ಬಹಳ ಒಳ್ಳೆಯದು. ಖಾಲಿ ಇರುವ ಕೆಲಸಗಳ ಸುದ್ದಿಯನ್ನು ಹೇಳಲಿ; ಅರ್ಜಿಗಳನ್ನು ತಿದ್ದಿಕೊಡಲಿ; ರವಿವಾರ ಒಂದು ಗಳಿಗೆ ಸಂದರ್ಶನದ ಅಭ್ಯಾಸವನ್ನು ಮಾಡಿಸಲಿ. ಆ ಸುದ್ದಿಯು ಮಠದ ಗೋಡೆಯ ಮೇಲೆ ಎಲ್ಲರೂ ಓದುವಂತೆ ಇರಲಿ. ಆ ಅಭ್ಯಾಸಕ್ಕೆ ನೆರೆಯ ಓಣಿಯ ಯಾವ ಹುಡುಗನು ಬಂದರೂ ಕುಳಿತುಕೊಳ್ಳಲಿ. ತಂದೆಯು ವಿದ್ಯಾವಂತನಲ್ಲದ ಹುಡುಗನಿಗೂ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸವನ್ನರಸುವ ತಾಯಿಗೂ ಪರಿಚಯಗಳ ಬಂಡವಾಳವಿರುವುದಿಲ್ಲ. ಅಂಥವರಿಗೆ ಪರಿಚಯವನ್ನು ಮಾಡಿಕೊಡುವುದೇ ಈ ಕಾಲದ ದಾಸೋಹಗಳಲ್ಲಿ ಒಂದು.

ಸುದ್ದಿಯನ್ನು ಮಾರುವವರ ವಿಷಯದಲ್ಲಿ ಎಚ್ಚರವಿರಬೇಕು. ‘ದೊಡ್ಡವರ ಪರಿಚಯವಿದೆ, ಇಷ್ಟು ಹಣ ಕೊಟ್ಟರೆ ಕೆಲಸ ಖಂಡಿತ’ ಎನ್ನುವವನು ಬಹುಮಟ್ಟಿಗೆ ಮೋಸಗಾರ. ಒಂದು ವೇಳೆ ಅವನ ಮಾತು ನಿಜವಾದರೂ ಕೊಂಡ ಕೆಲಸವು ಕಾಯಕವಾಗುವುದಿಲ್ಲ. ಅದು ಸಾಲದಿಂದ ಆರಂಭವಾಗಿ, ಆ ಸಾಲವನ್ನು ಇನ್ನೊಬ್ಬರಿಂದ ವಸೂಲು ಮಾಡುವ ಲಂಚದಲ್ಲಿ ಮುಗಿಯುತ್ತದೆ.

ಕೆಲಸ ಕೊಡುವ ಸ್ಥಾನದಲ್ಲಿರುವ ಗೃಹಸ್ಥರಿಗೂ ನುಡಿಧರ್ಮವುಂಟು. ಬಂದವನನ್ನು ಹೊತ್ತು ಮೀರಿ ಕಾಯಿಸುವುದು, ಆಯ್ಕೆಯಾಗದವನಿಗೆ ಒಂದು ಸಾಲಿನ ಉತ್ತರವನ್ನೂ ಕಳುಹಿಸದಿರುವುದು, ಮೊದಲೇ ಒಬ್ಬನನ್ನು ಗೊತ್ತುಮಾಡಿಕೊಂಡು ಉಳಿದವರನ್ನು ಲೆಕ್ಕಕ್ಕಾಗಿ ಕರೆಸುವುದು, ಇವೂ ಅಸತ್ಯದ ರೂಪಗಳೇ. ಬಸ್ಸಿನ ಹಣವನ್ನು ಕೈಗಡವಾಗಿ ತಂದು ಸಂದರ್ಶನಕ್ಕೆ ಬಂದ ಹುಡುಗನಿಗೆ, ‘ಈ ಸಲ ಆಗಲಿಲ್ಲ, ಇಂಥ ಕೊರತೆಯಿದೆ’ ಎಂದು ಹೇಳುವ ಮಾತೂ ಒಂದು ದಾನ.

ಹಾಗಾದರೆ ಶುದ್ಧವಾದ ಶಿಫಾರಸನ್ನು ಅಶುದ್ಧವಾದುದರಿಂದ ಬೇರ್ಪಡಿಸುವ ಒರೆಗಲ್ಲು ಯಾವುದು? ಅನುಭವಮಂಟಪದಲ್ಲಿ ಮಾತುಗಳು ಸಭೆಯ ನಡುವೆ ನಡೆದವು. ಒಬ್ಬರ ಕಿವಿಯಲ್ಲಿ ಹೇಳಿ ಇನ್ನೊಬ್ಬರಿಗೆ ಮುಚ್ಚಿಡುವ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಉದ್ಯೋಗಾರ್ಥಿಯೂ, ಅವನ ಪರವಾಗಿ ನುಡಿಯುವವನೂ ಇದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. ಅದೇ ಕೆಲಸಕ್ಕಾಗಿ ಹೊರಗೆ ಬೆಂಚಿನ ಮೇಲೆ ಕುಳಿತಿರುವ ಉಳಿದ ಅಭ್ಯರ್ಥಿಗಳೆಲ್ಲ ಕೇಳುತ್ತಿರುವಾಗಲೂ ಆಡಬಹುದಾದ ಮಾತೇ ಶುದ್ಧವಾದ ಮಾತು. ‘ಈತನು ನನ್ನ ಕೈಕೆಳಗೆ ಎರಡು ವರ್ಷ ದುಡಿದನು, ಕೆಲಸವು ಅಚ್ಚುಕಟ್ಟು, ಬರವಣಿಗೆ ಸ್ವಲ್ಪ ನಿಧಾನ’ ಎಂಬ ಮಾತನ್ನು ಅವರೆದುರಿಗೆ ಆಡಬಹುದು. ‘ಈತನು ನಮ್ಮ ಹುಡುಗ, ನೋಡಿಕೊಳ್ಳಿ’ ಎಂಬ ಮಾತನ್ನು ಅವರೆದುರಿಗೆ ಆಡಲು ನಾಲಗೆಯು ಏಳುವುದಿಲ್ಲ. ನಾಲಗೆಯು ಏಳದ ಕಡೆ ಅಂತಃಸಾಕ್ಷಿಯು ಆಗಲೇ ತೀರ್ಪನ್ನು ಕೊಟ್ಟಿರುತ್ತದೆ.

ಕೊನೆಗೆ, ಕೆಲಸ ದೊರೆತ ಮೇಲೆ ಋಣದ ಮಾತು. ಸುದ್ದಿ ಕೊಟ್ಟವರಿಗೆ, ಸಾಕ್ಷಿ ನುಡಿದವರಿಗೆ, ಕೆಲಸವಾಗಲಿ ಆಗದಿರಲಿ, ಫಲವನ್ನು ತಿಳಿಸಿ ಕೃತಜ್ಞತೆಯನ್ನು ಹೇಳಬೇಕು. ಕೆಲಸವಾದೊಡನೆ ಅವರ ಹೆಸರನ್ನು ಮರೆಯುವವನು ಪರಿಚಯವನ್ನು ಮೆಟ್ಟಲಾಗಿ ಬಳಸಿದವನು. ಆದರೆ ಆ ಋಣವನ್ನು ಕಚೇರಿಯ ಕಡತಗಳಲ್ಲಿ ತೀರಿಸಲು ಹೋಗಬಾರದು; ಉಪಕಾರ ಮಾಡಿದವರ ಕಾಗದವನ್ನು ಮುಂದೆ ಸರಿಸುವುದರಿಂದ ಅದು ತೀರುವುದಿಲ್ಲ, ಕೆಡುತ್ತದೆ. ತನ್ನಂತೆಯೇ ಅಳುಕುತ್ತ ಬಂದ ಇನ್ನೊಬ್ಬನಿಗೆ ಕುರ್ಚಿಯನ್ನು ತೋರಿಸಿ, ‘ಕುಳಿತುಕೊಳ್ಳಪ್ಪಾ, ಏನು ಕಲಿತಿದ್ದೀ ಹೇಳು’ ಎಂದು ಕೇಳಿದ ದಿನ ಆ ಋಣವು ತೀರುತ್ತದೆ.